ಬಟ್ಟೆ ಹಿಡಿಯುವ ಮನೆ

ನಮ್ಮ ಬೀದಿಯಲ್ಲಿ ಒಂದೊಂದು ಮನೆಗೆ ಒಂದೊಂದು ಮರ್ಯಾದೆ ಇತ್ತು. ಒಂದು ಮನೆಯವರು ಗುಡಿಯ ಗಂಟೆ ಹೊಡೆಯುವವರು, ಇನ್ನೊಂದು ಮನೆಯವರು ಸತ್ತವರ ಮುಂದೆ ಶಿಲುಬೆ ಹಿಡಿಯುವವರು. ನಮ್ಮದು ಬಟ್ಟೆ ಹಿಡಿಯುವ ಮನೆ. ಕ್ರಿಸ್ಮಸ್ ಬೆಳಗ್ಗೆ ಪೂಜೆ ಮುಗಿದ ಮೇಲೆ ಸ್ವಾಮಿಗಳು, ಅಂದರೆ ನಮ್ಮ ಫಾದರು, ಯೇಸು ಹುಟ್ಟಿದ ಕೊಟ್ಟಿಗೆಯ ಹಾಗೆ ಕಟ್ಟಿದ ಗೋದಲಿಯ ಹುಲ್ಲಿನಿಂದ ಬಾಲಯೇಸುವಿನ ಪ್ರತಿಮೆಯನ್ನು ಎತ್ತಿಕೊಂಡು ಪೀಠದ ಮುಂದೆ ನಿಲ್ಲುತ್ತಿದ್ದರು. ಗಂಡಸರದ್ದೊಂದು ಸಾಲು, ಹೆಂಗಸರದ್ದೊಂದು ಸಾಲು. ಮೊದಲು ಹೆಂಗಸರು ಮಕ್ಕಳು, ಆಮೇಲೆ ಗಂಡಸರು, ಒಬ್ಬೊಬ್ಬರೇ ಬಂದು ಬಗ್ಗಿ ಆ ಪುಟ್ಟ ಪಾದಕ್ಕೆ ಮುತ್ತು ಕೊಟ್ಟು ಹೋಗಬೇಕು. ಪ್ರತಿ ಮುತ್ತು ಆದ ಮೇಲೂ ಪಾದ ಒರೆಸಬೇಕು, ಇಲ್ಲದಿದ್ದರೆ ಒಬ್ಬರ ಎಂಜಲು ಇನ್ನೊಬ್ಬರಿಗೆ. ಸ್ವಾಮಿಗಳ ಪಕ್ಕದಲ್ಲಿ ನಿಂತು ಬಿಳೀ ಬಟ್ಟೆಯಿಂದ ಹಾಗೆ ಒರೆಸುತ್ತಿದ್ದವನು ನಮ್ಮಪ್ಪ ರಾಯಪ್ಪ. ಅವನಿಗೆ ಮುಂಚೆ ಅವನಪ್ಪ ಒರೆಸುತ್ತಿದ್ದ. ಅದರ ಹಿಂದಿನದು ಯಾರಿಗೂ ಗೊತ್ತಿರಲಿಲ್ಲ. ಆದರೂ ಅಪ್ಪ ಮಾತ್ರ ಇದು ಯೇಸುಸ್ವಾಮಿ ಹುಟ್ಟಿದ ದಿನದಿಂದಲೇ ನಮ್ಮ ಮನೆತನಕ್ಕೆ ಬರೆದುಕೊಟ್ಟದ್ದು ಎನ್ನುವ ಹಾಗೆ ಮಾತಾಡುತ್ತಿದ್ದ. ವರ್ಷವಿಡೀ ಹೊಗೆಸೊಪ್ಪಿನ ಹೊಲದಲ್ಲಿ, ಸೊಪ್ಪು ಒಣಗಿಸುವ ಬ್ಯಾರನ್ನಿನ ಬೂದಿಯಲ್ಲಿ ಹೊರಳುವ ಮನುಷ್ಯ ಆ ಒಂದು ಬೆಳಗ್ಗೆ ಇಸ್ತ್ರಿ ಅಂಗಿ ತೊಟ್ಟು ನಿಂತರೆ ಬಿಷಪ್ಪರೇ ಬಂದರೂ ಜರುಗುತ್ತಿರಲಿಲ್ಲ.

ಊರು ಹುಣಸೂರಿನಿಂದ ಗುರುಪುರದ ಕಡೆಗೆ ಹೋಗುವ ದಾರಿಯಲ್ಲಿ ಒಳಗಿತ್ತು. ಕ್ರೈಸ್ತರದ್ದು ಒಂದೇ ಬೀದಿ, ಬೀದಿಯ ತುದಿಗೆ ಗುಡಿ. ಚರ್ಚನ್ನು ನಾವು ಗುಡಿ ಎಂದೇ ಕರೆಯುತ್ತಿದ್ದೆವು. ನಮ್ಮ ಮನೆಯನ್ನು ವರ್ಣಿಸು ಎಂದರೆ ನಾನು ತಗ್ಗು ಬಿರುಕುಗಳ ಮೂಲಕವೇ ವರ್ಣಿಸಬೇಕು. ನಡುಮನೆಯ ಕಂಬದಲ್ಲಿ ಮಚ್ಚಿನ ಗಾಯವಿತ್ತು. ಅದು ನಾನು ಹುಟ್ಟಿದಾಗಿನದು, ಹೆಣ್ಣಾಯಿತಲ್ಲ ಎಂಬ ಸಿಟ್ಟಿನದು. ಹಿತ್ತಾಳೆ ಬಿಂದಿಗೆಯ ಹೊಟ್ಟೆ ನೆಗ್ಗಿ ಹೋಗಿತ್ತು, ಸಾರಿಗೆ ಉಪ್ಪು ಜಾಸ್ತಿಯಾಗಿದ್ದ ಒಂದು ದಿನದ್ದು. ಬಚ್ಚಲಿನ ಬಾಗಿಲಿಗೆ ಚಿಲಕ ಇರಲಿಲ್ಲ, ಯಾಕೆಂದರೆ ಅವ್ವ ಒಮ್ಮೆ ಒಳಗಿನಿಂದ ಹಾಕಿಕೊಂಡಿದ್ದಳು. ಪವಿತ್ರ ಹೃದಯದ ಪಟದ ಗಾಜು ಮೂಲೆಯಿಂದ ಮೂಲೆಗೆ ಸೀಳಿತ್ತು. ಅದನ್ನು ಅಪ್ಪ ಬೇಕೆಂದು ಒಡೆದದ್ದಲ್ಲ, ದೇವರ ಪಟಕ್ಕೆ ಕೈ ಮಾಡುವ ಮನುಷ್ಯ ಅವನಲ್ಲ. ಅವ್ವನ ತಲೆ ತಗುಲಿ ಒಡೆದದ್ದು. ಆ ಸೀಳಿನ ಹಿಂದೆ ಯೇಸು ಎದೆ ತೋರಿಸುತ್ತಾ ನಿಂತಿದ್ದ, ಕೆಳಗೆ ಸಣ್ಣ ಕೆಂಪು ಬಲ್ಬು ಉರಿಯುತ್ತಿತ್ತು, ಅದರ ಕೆಳಗೆ ನಾವು ದಿನಾ ಸಂಜೆ ಮೊಣಕಾಲೂರಿ ಜಪಸರ ಹೇಳುತ್ತಿದ್ದೆವು.

ಡಿಸೆಂಬರು ಬಂದರೆ ಅಪ್ಪ ಕುಡಿತ ಬಿಡುತ್ತಿದ್ದ. ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲ ವ್ರತದ ಕಾಲ, ಬಟ್ಟೆ ಹಿಡಿಯುವ ಕೈ ಶುದ್ಧವಾಗಿರಬೇಕು. ಬೀದಿಯವರೆಲ್ಲ ಇದನ್ನು ಹೊಗಳುತ್ತಿದ್ದರು. ನಮಗೆ ಮಾತ್ರ ಅದು ವರ್ಷದ ಅತಿ ಕೆಟ್ಟ ಕಾಲ. ಕುಡಿದಾಗ ಅಪ್ಪನ ಏಟು ಅರ್ಧಕ್ಕರ್ಧ ಗುರಿ ತಪ್ಪುತ್ತಿತ್ತು, ಹೊಡೆದು ಸುಸ್ತಾಗಿ ಮಲಗಿಬಿಡುತ್ತಿದ್ದ. ಆಗಮನ ಕಾಲದಲ್ಲಿ ಒಂದೂ ತಪ್ಪುತ್ತಿರಲಿಲ್ಲ, ನಿದ್ದೆಯೂ ಬರುತ್ತಿರಲಿಲ್ಲ. ಆದರೂ ಆ ದಿನಗಳನ್ನು ನೆನೆದರೆ ನನಗೆ ಬಾಯಲ್ಲಿ ನೀರೂರುತ್ತದೆ, ಇದು ನಾಚಿಕೆಗೇಡೋ ಏನೋ ತಿಳಿಯದು. ಹಿತ್ತಲಲ್ಲಿ ಅವರೆಕಾಯಿ ರಾಶಿ, ಅಟ್ಟದ ಮೇಲೆ ಕಜ್ಜಾಯದ ಡಬ್ಬ, ಸಿಸ್ಟರಮ್ಮನವರಿಂದ ಇಸಕೊಂಡು ತಂದ ಅಚ್ಚಿನಲ್ಲಿ ಅವ್ವ ಎಣ್ಣೆಗೆ ಅದ್ದಿ ಅದ್ದಿ ತೆಗೆಯುವ ರೋಸ್ ಕುಕೀಸು. ನಡುಮನೆಯಲ್ಲಿ ಕಟ್ಟುವ ನಮ್ಮ ಗೋದಲಿಗೆ ಹಸಿರು ಬೇಕೆಂದು ನಾನು ಒದ್ದೆ ಗೋಣಿಚೀಲದ ಮೇಲೆ ರಾಗಿ ಚೆಲ್ಲಿ ಪೈರು ಬರಿಸುತ್ತಿದ್ದೆ. ಬ್ಯಾರನ್ನಿನ ಹಿಂದಿನ ಗೋಡೆಯಿಂದ ಪಾಚಿ ಕೆತ್ತಿ ತಂದು ಬೆಟ್ಟ ಮಾಡುತ್ತಿದ್ದೆ. ಒಲೆಯ ಮುಂದೆ ಅವ್ವ, ಮೂಲೆಯಲ್ಲಿ ಅವರೆಕಾಳು ಹಿತುಕುತ್ತಾ ಅಪ್ಪನ ತಾಯಿ ನಮ್ಮಜ್ಜಿ, ನಡುವೆ ನಾನು. ಅಪ್ಪನ ಚಪ್ಪಲಿ ಸದ್ದು ಕೇಳಿದರೆ ಮೂವರ ಮಾತೂ ಒಟ್ಟಿಗೆ ನಿಲ್ಲುತ್ತಿತ್ತು.

ನಮ್ಮ ಬೀದಿಯಲ್ಲಿ ಇನ್ನೊಂದು ಕಟ್ಟಳೆಯೂ ಇತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮುಖದ ಮೇಲೆ ಏಟು ಕಾಣುವ ಹೆಂಗಸು ಗುಡಿಗೆ ಬರುವಂತಿಲ್ಲ. ಅವಳಿಗೆ ಜ್ವರ ಬಂದಿರುತ್ತದೆ. ಭಾನುವಾರದ ಪೂಜೆಯಲ್ಲಿ ಯಾರ ಜಾಗ ಖಾಲಿ ಎಂದು ನೋಡಿದರೆ ಸಾಕು, ಶನಿವಾರ ಯಾರ ಮನೆಯಲ್ಲಿ ಏನಾಯಿತೆಂದು ಎಲ್ಲರಿಗೂ ಗೊತ್ತಾಗುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ನನಗೆ ಬುದ್ಧಿ ಬಂದಾಗಿನಿಂದ ನಮ್ಮವ್ವ ಲೂರ್ದಮ್ಮನಿಗೆ ಪ್ರತಿ ಕ್ರಿಸ್ಮಸ್ಸಿಗೂ ಜ್ವರ. ಆ ಬಿಳೀ ಬಟ್ಟೆಯನ್ನು ಸೀಗೆಪುಡಿ ಹಾಕಿ ತಿಕ್ಕಿ, ನೀಲಿಯಲ್ಲಿ ಅದ್ದಿ, ಗಂಜಿ ಹಾಕಿ, ಕೆಂಡದ ಪೆಟ್ಟಿಗೆಯಲ್ಲಿ ಇಸ್ತ್ರಿ ಮಾಡಿ ಅಪ್ಪನ ಕೈಗೆ ಕೊಡುತ್ತಿದ್ದವಳು ಅವಳು. ಅದು ಪಾದ ಒರೆಸುವುದನ್ನು ಮಾತ್ರ ಅವಳು ನೋಡಿರಲಿಲ್ಲ.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ಮಳೆಗಾಲದಲ್ಲಿ ನನಗೆ ಟೈಫಾಯಿಡ್ ಆಯಿತು. ಹುಣಸೂರಿನ ಆಸ್ಪತ್ರೆಯಲ್ಲಿ ಕೂದಲೆಲ್ಲ ಉದುರಿ, ಕಣ್ಣು ಮೇಲೆ ಹೋಗಿ, ಡಾಕ್ಟರು ಕೈಚೆಲ್ಲಿದ್ದರಂತೆ. ಆಗ ಅವ್ವ ಬಾಲಯೇಸುವಿಗೆ ಹರಕೆ ಹೊತ್ತಳು. ಮಗು ಉಳಿದರೆ ಈ ಸಲದ ಹಬ್ಬಕ್ಕೆ ಅದರ ಕೈ ಹಿಡಿದುಕೊಂಡು ಬಂದು ನಿನ್ನ ಪಾದ ಮುಟ್ಟಿಸುತ್ತೇನೆ ಎಂದು. ನಾನು ಉಳಿದೆ. ಹರಕೆಯ ವಿಷಯ ಬೀದಿಗೆಲ್ಲ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ಹರಕೆ ತಪ್ಪಿದರೆ ಕೊಟ್ಟದ್ದನ್ನು ದೇವರು ವಾಪಸು ಕೇಳುತ್ತಾನೆ ಎಂದು ಅವ್ವ ಗಟ್ಟಿಯಾಗಿ ನಂಬಿದ್ದಳು. ಡಿಸೆಂಬರು ಹತ್ತಿರ ಬಂದ ಹಾಗೆ ಅವಳು ಅಪ್ಪನ ಎದುರು ನೆರಳೂ ಬೀಳದ ಹಾಗೆ ಓಡಾಡತೊಡಗಿದಳು. ಅವಳು ಕಾಪಾಡಿಕೊಳ್ಳುತ್ತಿದ್ದದ್ದು ತನ್ನ ಮುಖವನ್ನು, ಆ ಮುಖದ ಮೇಲೆ ನಿಂತಿದ್ದದ್ದು ನನ್ನ ಜೀವ. ಹಬ್ಬದ ಹಿಂದಿನ ದಿನದವರೆಗೂ ಒಂದು ಗೀರೂ ಬೀಳದ ಹಾಗೆ ಅವಳು ದಿನಗಳನ್ನು ದಾಟಿಸಿದಳು.

ಹಿಂದಿನ ದಿನ ಹಂದಿ ಕುಯ್ಯುವ ದಿನ. ಬೀದಿಯ ಎಲ್ಲ ಮನೆಗಳಿಗೂ ಹಂದಿ ಕುಯ್ದುಕೊಡುತ್ತಿದ್ದವನು ಅಪ್ಪನೇ. ಅದರಲ್ಲಿ ಅವನನ್ನು ಮೀರಿಸುವವರಿಲ್ಲ ಎಂಬ ಹೆಸರಿತ್ತು. ಬೆಳಗಿನ ಮಂಜು ಇನ್ನೂ ಹರಿದಿರಲಿಲ್ಲ, ಗಂಡಸರು ನಮ್ಮ ಹಿತ್ತಲಲ್ಲಿ ಸೇರಿದ್ದರು, ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಅಪ್ಪ ಗೂಡಿಗೆ ಇಳಿದು ಕರೀ ಹೆಣ್ಣು ಹಂದಿಯ ಹಿಂಗಾಲಿಗೆ ಹಗ್ಗ ಹಾಕಿದ. ಅದಕ್ಕೆ ದಿನಾ ಮುಸುರೆ ಹುಯ್ಯುತ್ತಿದ್ದವಳು ಅವ್ವ. ಅವಳು ಹಿತ್ತಲ ಬಾಗಿಲಲ್ಲಿ ನಿಂತು, ತಡೆಯಲಾರದೆ ಅಂದಳು:

"ಅದನ್ನ ಬುಡಿ. ಅದರ ಹೊಟ್ಟೇಲಿ ಮರಿ ಅವೆ. ಬ್ಯಾರೇದು ಹಿಡ್ಕಳಿ."

ಅಪ್ಪ ಹಗ್ಗ ಬಿಗಿಯುತ್ತಲೇ ಗಂಡಸರ ಕಡೆ ನೋಡಿ ನಕ್ಕ.

"ಅಂದಿ ಕುಯ್ಯಾದ ಇವ್ಳು ಯೋಳ್ಕೊಡ್ಬೇಕಂತೆ ಕಣ್ರಲಾ ನಂಗೆ."

ಹಂದಿಯ ಅರಚು ಕೇಳಿದವರಿಗೆ ಗೊತ್ತು, ಅದು ಕಿವಿಯಿಂದ ಒಳಗೆ ಹೋಗುವುದಿಲ್ಲ, ಹಲ್ಲಿನಿಂದ ಹೋಗುತ್ತದೆ. ನಾಲ್ಕು ಗಂಡಸರು ಅದುಮಿ ಹಿಡಿದರು, ಅಪ್ಪ ಎದೆಯ ಹತ್ತಿರ ಚೂರಿ ಇಳಿಸಿದ, ಅಜ್ಜಿ ರಕ್ತಕ್ಕೆ ಬೋಗುಣಿ ಒಡ್ಡಿದಳು. ಕುದಿನೀರು ಹುಯ್ದು ಕೂದಲು ಹೆರೆದು ಬೆಳ್ಳಗೆ ಮಾಡಿ, ಹಲಗೆಯ ಮೇಲೆ ಮಲಗಿಸಿ ಅಪ್ಪ ಹೊಟ್ಟೆ ಸೀಳಿದ. ಒಳಗಿನಿಂದ ಮರಿಗಳು ಜಾರಿ ಬಂದವು, ಒಂದಕ್ಕೊಂದು ಅಂಟಿಕೊಂಡು, ಇಲಿಮರಿಗಿಂತ ಸ್ವಲ್ಪ ದೊಡ್ಡವು, ಮುಚ್ಚಿದ ಕಣ್ಣು. ಗಂಡಸರು ಬಗ್ಗಿ ನೋಡಿದರು. ಆಮೇಲೆ ಗಂಟೆ ಹೊಡೆಯುವ ಮನೆಯ ಸೌರಪ್ಪ, ನಮ್ಮ ಮರ್ಯಾದೆಯ ಮೇಲೆ ಮೊದಲಿಂದಲೂ ಕಣ್ಣಿಟ್ಟಿದ್ದವನು, ಬಾಯಿ ಬಿಟ್ಟ:

"ರಾಯಪ್ಪ, ಇನ್ಮ್ಯಾಕೆ ಚೂರಿನ ನಿನ್ನೆಡ್ತಿ ಕೈಗೇ ಕೊಟ್ಬುಡು ಕಣ್ಲಾ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪನೂ ನಕ್ಕ. ಆ ನಗು ನನಗೆ ಗೊತ್ತಿತ್ತು. ಮರಿಗಳನ್ನು ತಿಪ್ಪೆಗೆ ಎಸೆದು, ಮಾಂಸ ಪಾಲು ಮಾಡಿ, ಎಲ್ಲರ ಪಾಲನ್ನೂ ಮುತ್ತುಗದ ಎಲೆಯಲ್ಲಿ ಕಟ್ಟಿ ನಗುನಗುತ್ತಲೇ ಕಳಿಸಿಕೊಟ್ಟು, ಕೈಕಾಲು ತೊಳೆದುಕೊಂಡು, ಅವನು ಅಡುಗೆಮನೆಗೆ ಬಂದ.

ಅವ್ವ ಮುದ್ದೆ ತಿರುವುತ್ತಿದ್ದಳು. ಅವಳ ಕೈಯಲ್ಲಿದ್ದ ಹಿಟ್ಟಿನ ಕೋಲನ್ನೇ ಕಿತ್ತುಕೊಂಡ. ಬಿಸಿ ಹಿಟ್ಟು ಮೆತ್ತಿದ್ದ ಆ ಕೋಲಿನಿಂದ ಮೊದಲ ಏಟು ಭುಜಕ್ಕೆ ಬಿತ್ತು, ಎರಡನೆಯದು ಮೊಣಕೈಗೆ. ಅವ್ವ ಕೂಗಲಿಲ್ಲ, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಗೋಡೆಗೆ ತಿರುಗಿ ಕುಕ್ಕರಿಸಿದಳು. ಮುಖ ಬೇಡಿ, ಎಲ್ಲಾದರೂ ಹೊಡೀರಿ, ಮುಖ ಬೇಡಿ ಎಂದು ಗೋಡೆಗೆ ಹೇಳುವ ಹಾಗೆ ಹೇಳುತ್ತಿದ್ದಳು. ಅದನ್ನು ಕೇಳಿದ ಮೇಲೆ ಅಪ್ಪನಿಗೆ ಬೇರೆ ಜಾಗ ಬೇಕಾಗಲಿಲ್ಲ. ಜಡೆ ಹಿಡಿದು ಎಳೆದು ತನ್ನ ಕಡೆ ತಿರುಗಿಸಿಕೊಂಡ. ಕೈ ಕಿತ್ತು ಬಾಯಿಯ ಮೇಲೆಯೇ ಕೋಲು ಬೀಸಿದ. ತುಟಿ ಹಲ್ಲಿಗೆ ಒತ್ತಿ ಕೆಳಗಿನವರೆಗೂ ಸೀಳಿತು. ನಾನು ಹೋಗಿ ಅವನ ಕೈ ಕಚ್ಚಿದೆ, ಬಾಯಿಗೆ ಹಂದಿಯ ಕೊಬ್ಬಿನ ವಾಸನೆ ಬಂತು. ಅವನು ನನ್ನನ್ನು ಕೊಡವಿ ಎಸೆದ. ನಾನು ನಡುಮನೆಯ ಗೋದಲಿಯ ಮೇಲೆ ಬಿದ್ದೆ. ನಾನೇ ಬೆಳೆಸಿದ ರಾಗಿ ಪೈರು ಕೆನ್ನೆಯ ಕೆಳಗೆ ತಣ್ಣಗಿತ್ತು, ಮಣ್ಣಿನ ಕುರಿಯೊಂದರ ಕಾಲು ಮುರಿದು ಮೊಣಕೈಗೆ ನೆಟ್ಟಿತ್ತು. ಅಲ್ಲಿಂದಲೇ ನಾನು ಅಜ್ಜಿಯನ್ನು ನೋಡಿದೆ. ಅವಳು ಮೂಲೆಯಲ್ಲಿ ಕೂತು ಅವರೆಕಾಳು ಹಿತುಕುತ್ತಲೇ ಇದ್ದಳು.

ಅಪ್ಪ ಕೋಲು ಬಿಸಾಡಿ ಹೊರಗೆ ಹೋದ ಮೇಲೆ ಅಜ್ಜಿ ಎದ್ದು ಅರಿಸಿನ ತಂದು ಅವ್ವನ ತುಟಿಗೆ ಒತ್ತಿದಳು.

"ಗಂಡಸ್ರ ಮದ್ಯ ಯಾಕವ್ವ ಬಾಯಾಕ್ದೆ ನೀನು? ನಮ್ಮತ್ತೆ ಕಾಲ್ದಿಂದ್ಲೂ ಈ ಮನೇಲಿ ಇಂಗೇಯ."

ಹಾಗೆ ಹೇಳುವಾಗ ಅವಳು ತನ್ನ ಎಡಗೈಯ ಸೊಟ್ಟ ಬೆರಳಿನಿಂದಲೇ ಅರಿಸಿನ ಒತ್ತುತ್ತಿದ್ದಳು. ಆ ಬೆರಳು ಹೇಗೆ ಸೊಟ್ಟಗಾಯಿತು ಎಂದು ನಾನು ಅದುವರೆಗೂ ಕೇಳಿರಲಿಲ್ಲ. ಸಂಜೆ ಅಪ್ಪ ಬಂದು, ಅವ್ವನ ಕಡೆ ನೋಡದೆ, ಇಸ್ತ್ರಿಯಾಗಿದ್ದ ಬಟ್ಟೆಯನ್ನು ಮಡಿಕೆ ಮುರಿಯದ ಹಾಗೆ ಎತ್ತಿ ಪಟದ ಕೆಳಗಿಟ್ಟು, ಗೋಡೆಗೆ ಹೇಳಿದ:

"ನಾಳಿಕೆ ಗುಡಿ ಕಡೆ ತಲೆ ಹಾಕ್ಬ್ಯಾಡ. ಕೇಳ್ದೋರ್ಗೆ ಜ್ವರ ಅಂತೀನಿ."

ನಮ್ಮೂರಿಗೆ ರಾತ್ರಿ ಪೂಜೆ ಇರಲಿಲ್ಲ, ಸ್ವಾಮಿಗಳು ಹುಣಸೂರಿನಲ್ಲಿ ಅದನ್ನು ಮುಗಿಸಿ ಬೆಳಗ್ಗೆ ಜೀಪಿನಲ್ಲಿ ಬರುತ್ತಿದ್ದರು. ಹಬ್ಬದ ಬೆಳಗ್ಗೆ ಅಪ್ಪ ಮಡಿಕೆ ಮಾಡಿದ ಬಟ್ಟೆಯನ್ನು ಮುಂಗೈ ಮೇಲೆ ಹಾಕಿಕೊಂಡು ಎಲ್ಲರಿಗಿಂತ ಮುಂಚೆ ಹೋದ. ಅಜ್ಜಿಯೂ ಹೋದಳು. ನಾನು ಒಲೆಯ ಮುಂದೆ ಅಳುತ್ತಾ ಕೂತಿದ್ದೆ. ಹರಕೆ ತಪ್ಪಿತು, ಇನ್ನು ನಾನು ಸಾಯುತ್ತೇನೆ ಎಂದುಕೊಂಡಿದ್ದೆ. ಅದನ್ನು ಬಾಯಿಬಿಟ್ಟು ಹೇಳಿದೆನೋ ಏನೋ, ಅವ್ವ ನನ್ನ ಕಡೆ ಬಹಳ ಹೊತ್ತು ನೋಡಿದಳು. ಆಮೇಲೆ ಪೆಟ್ಟಿಗೆಯಿಂದ ತನ್ನ ಮದುವೆಯ ಸೀರೆ ತೆಗೆದು ಉಟ್ಟಳು. ಗುರುಪುರದಲ್ಲಿ ನೆಲೆಸಿದ್ದ ಟಿಬೆಟಿನವರ ಹತ್ತಿರ ಕೊಂಡಿದ್ದ ಕಂದು ಮಫ್ಲರನ್ನು ಬಾಯಿಗೆ ಅಡ್ಡ ಸುತ್ತಿಕೊಂಡಳು, ಬಾಗಿಲವರೆಗೆ ಹೋಗಿ ಅದನ್ನು ಬಿಚ್ಚಿ ಗೂಟಕ್ಕೆ ನೇತುಹಾಕಿದಳು.

"ನಂಗೇನೂ ಜ್ವರ ಇಲ್ಲ. ನಡಿ."

ತುಟಿ ಊದಿದ್ದರಿಂದ ಮಾತು ತೊದಲುತ್ತಿತ್ತು. ಬೀದಿ ಖಾಲಿ ಇತ್ತು, ಎಲ್ಲ ಮನೆಯ ಮುಂದೆಯೂ ಕಾಗದದ ನಕ್ಷತ್ರ, ಎಲ್ಲ ಮನೆಯ ಒಳಗಿಂದಲೂ ಹಂದಿಸಾರಿನ ವಾಸನೆ. ನಾವು ಗುಡಿಯ ಬಾಗಿಲಿಗೆ ಹೋದಾಗ ಪೂಜೆ ಮುಗಿದು ಸ್ವಾಮಿಗಳು ಬಾಲಯೇಸುವನ್ನು ಎತ್ತಿಕೊಂಡು ನಿಂತಿದ್ದರು, ಹಾಡು ನಡೆಯುತ್ತಿತ್ತು. ಹಿಂದಿನವರು ತಿರುಗಿ ನೋಡಿದರು, ಅವರನ್ನು ನೋಡಿ ಮುಂದಿನವರು ತಿರುಗಿದರು. ಹಾಡು ನಿಲ್ಲಲಿಲ್ಲ, ತೆಳ್ಳಗಾಯಿತು. ಹೆಂಗಸರ ಸಾಲು ಪಕ್ಕಕ್ಕೆ ಸರಿದು ನಮಗೆ ದಾರಿ ಬಿಟ್ಟಿತು. ಆ ಸಾಲಿನಲ್ಲಿ ಅಜ್ಜಿಯೂ ಇದ್ದಳು. ನಾವು ಮುಂದೆ ಹೋಗಿ ನಿಂತಾಗ ಅವಳು ನಮ್ಮ ಬೆನ್ನಿಗೆ ಬಂದು ನಿಂತಳು.

ಅಪ್ಪ ನಮ್ಮನ್ನು ನೋಡಿದ. ಬಟ್ಟೆ ಹಿಡಿದಿದ್ದ ಕೈ ಮುಷ್ಟಿಯಾಯಿತು. ಸ್ವಾಮಿಗಳ ಪಕ್ಕದಲ್ಲಿ, ಬೀದಿಯೆಲ್ಲ ನೋಡುತ್ತಿರುವಾಗ, ಅವನು ಏನೂ ಮಾಡುವಂತಿರಲಿಲ್ಲ. ನನ್ನ ಜೀವನದಲ್ಲಿ ನಾನು ಅವನಿಗೆ ಹೆದರದೆ ನಿಂತ ಮೊದಲ ಗಳಿಗೆ ಅದು. ನಾನು ಬಗ್ಗಿ ಮುತ್ತು ಕೊಟ್ಟೆ, ಅವನು ಒರೆಸಿದ. ಆಮೇಲೆ ಅವ್ವ ಬಗ್ಗಿದಳು. ಒಣಗಿ ಗಟ್ಟಿಯಾಗಿದ್ದ ತುಟಿಯನ್ನು ಆ ಪಾದಕ್ಕೆ ಒತ್ತಿದಳು, ಬಹಳ ಹೊತ್ತು ಒತ್ತಿದಳು. ಅವಳು ತಲೆ ಎತ್ತಿದಾಗ ಗಾಯ ಬಿರಿದಿತ್ತು. ಬಾಲಯೇಸುವಿನ ಪಾದದ ಮೇಲೆ ಅವ್ವನ ರಕ್ತವಿತ್ತು.

ಸ್ವಾಮಿಗಳು ವಯಸ್ಸಾದವರು, ಮೆತ್ತನೆಯ ಮನುಷ್ಯರು, ಅಷ್ಟು ವರ್ಷ ನಮ್ಮವ್ವನ ಜ್ವರವನ್ನು ನಂಬಿದವರು ಅಥವಾ ನಂಬಿದ ಹಾಗೆ ಇದ್ದವರು. ಅವರು ಪ್ರತಿಮೆಯನ್ನು ಅಪ್ಪನ ಕಡೆ ತಿರುಗಿಸಿದರು. ಒರೆಸು ರಾಯಪ್ಪ ಎಂದು ಮೆಲ್ಲಗೆ ಅಂದರು. ಅಪ್ಪ ಒರೆಸಿದ. ಬೆರಳುಗಳ ಸಂದಿಯಲ್ಲಿ ಕೆಂಪು ಉಳಿಯಿತು. ಬಟ್ಟೆಯ ಮೇಲೆ ಕಲೆ ಎದ್ದು ಕಾಣಿಸಿತು, ಅವನು ಆ ಕಡೆಯನ್ನು ಒಳಕ್ಕೆ ಮಡಿಸಿ ಮತ್ತೆ ಒರೆಸಿದ, ಹೋಗಲಿಲ್ಲ. ಮುಂದಿನ ಸರದಿ ಅಜ್ಜಿಯದು. ಅವಳು ಬಗ್ಗಲಿಲ್ಲ. ಆ ಪಾದವನ್ನು ನೋಡುತ್ತಾ ನಿಂತಳು. ಆಮೇಲೆ ಮಗನ ಮುಂದೆ ಕೈ ಚಾಚಿದಳು.

"ತತ್ತಾ ಇಲ್ಲಿ."

ಅಪ್ಪ ಕೊಡಲಿಲ್ಲ. ಅವಳು ಆ ಸೊಟ್ಟ ಬೆರಳಿನ ಕೈಯಿಂದಲೇ ಬಟ್ಟೆಯನ್ನು ಎಳೆದುಕೊಂಡಳು. ಅದರ ಚುಂಗನ್ನು ನಾಲಿಗೆಗೆ ಮುಟ್ಟಿಸಿ ಒದ್ದೆ ಮಾಡಿ, ಮನೆಯಲ್ಲಿ ನನ್ನ ಮೂತಿ ಒರೆಸುವ ಹಾಗೆ, ಬಾಲಯೇಸುವಿನ ಒಂದೊಂದು ಬೆರಳನ್ನೂ ತಿಕ್ಕಿ ಒರೆಸಿದಳು. ಮುತ್ತು ಕೊಟ್ಟಳು. ಆಮೇಲೆ ಬಟ್ಟೆಯನ್ನು ಅಪ್ಪನಿಗೆ ವಾಪಸು ಕೊಡದೆ ಅವ್ವನ ಕೈಗೆ ಹಾಕಿದಳು.

"ನೀನೇ ನಿಂತ್ಕಳವ್ವ."

ಗಂಡಸರ ಸಾಲಿನಲ್ಲಿ ಗುಸುಗುಸು ಎದ್ದಿತು. ಹೆಂಗಸರು ಬಟ್ಟೆ ಹಿಡಿಯುವುದುಂಟೇ ಎಂದು ಸೌರಪ್ಪ ಎಲ್ಲರಿಗೂ ಕೇಳುವ ಹಾಗೆ ಅಂದ. ಅಜ್ಜಿ ಅವನ ಕಡೆ ತಿರುಗಲೂ ಇಲ್ಲ.

"ಬಟ್ಟೆ ನಮ್ಮನೇದು. ಇವ್ಳೂ ನಮ್ಮನೇವ್ಳೇಯ."

ಸ್ವಾಮಿಗಳು ಅಪ್ಪನನ್ನು ನೋಡಿದರು, ಅವ್ವನನ್ನು ನೋಡಿದರು. ಬಾ ಲೂರ್ದಮ್ಮ ಎಂದು ಸ್ವಲ್ಪ ಸರಿದು ಜಾಗ ಕೊಟ್ಟರು. ಸೀಳಿದ ತುಟಿ, ಊದಿದ ಕೆನ್ನೆ, ಮದುವೆ ಸೀರೆ, ಹಾಗೇ ಅವ್ವ ಪೀಠದ ಮುಂದೆ ನಿಂತಳು. ಬೀದಿಯ ಎಲ್ಲರೂ ಅವಳ ಮುಖವನ್ನು ಹತ್ತಿರದಿಂದ ನೋಡಿ, ತಲೆ ಬಗ್ಗಿಸಿ ಮುತ್ತು ಕೊಟ್ಟು ಹೋದರು. ಅಪ್ಪನಿಗೆ ನಿಲ್ಲಲು ಜಾಗವಿರಲಿಲ್ಲ. ಹೊರಗೆ ನಡೆದುಬಿಟ್ಟಿದ್ದರೆ ಬಟ್ಟೆಯ ಮನೆಯವನೇ ಪಾದ ಮುಟ್ಟಲಿಲ್ಲ ಎಂದಾಗುತ್ತಿತ್ತು. ಅವನು ಹೋಗಿ ಗಂಡಸರ ಸಾಲಿನ ಕೊನೆಯಲ್ಲಿ ನಿಂತ. ಕೊನೆಗೆ ಬಂದ. ಅವ್ವನನ್ನು ನೋಡದೆ ಬಗ್ಗಿದ, ಮುತ್ತು ಕೊಟ್ಟ. ಅವ್ವ ಅದನ್ನು ಬಟ್ಟೆಯ ಚೊಕ್ಕ ಭಾಗ ಹುಡುಕಿ ಒರೆಸಿದಳು.

ಇಷ್ಟಾದ ಮೇಲೆ ಅಪ್ಪ ಬದಲಾದ ಎಂದು ಬರೆದರೆ ಕೇಳುವವರಿಗೆ ಹಿತವಾಗುತ್ತದೆ, ಆದರೆ ಸುಳ್ಳು. ಆ ಮಧ್ಯಾಹ್ನ ಅವನು ಸಾರಿನ ಪಾತ್ರೆಯನ್ನು ಅಂಗಳಕ್ಕೆ ಒದ್ದ. ಬೇಸಿಗೆಯಲ್ಲಿ ಹೊಡೆದ, ಸೊಪ್ಪು ಮುರಿಯುವ ಕಾಲದಲ್ಲಿ ಹೊಡೆದ. ಕ್ಷಮಿಸಬೇಕು ಎಂದು ಯಾರಾದರೂ ಉಪದೇಶ ಶುರು ಮಾಡಿದರೆ ನಾನು ಇವತ್ತಿಗೂ ಎದ್ದು ಹೋಗುತ್ತೇನೆ. ಆದರೆ ಬಟ್ಟೆ ಅವ್ವನ ಕೈಯಲ್ಲೇ ಉಳಿಯಿತು. ಅವಳು ನಿಲ್ಲದಿದ್ದರೆ ಆ ಮರ್ಯಾದೆ ಸೌರಪ್ಪನ ಮನೆಗೆ ಹೋಗುತ್ತದೆ ಎಂದು ಬೀದಿಯ ಹಿರಿಯರು ತೀರ್ಮಾನ ಹೇಳಿದ್ದರು, ಅದು ಅಪ್ಪನಿಗೂ ಗೊತ್ತಿತ್ತು.

ಮರುವರ್ಷ ಹಬ್ಬದ ಹಿಂದಿನ ದಿನ, ಹಂದಿ ಕುಯ್ದು ಬಂದವನು ಏನಕ್ಕೋ ರೇಗಿ ಅದೇ ಹಿಟ್ಟಿನ ಕೋಲನ್ನು ಎತ್ತಿದ. ಅವ್ವ ಈ ಸಲ ಗೋಡೆಗೆ ತಿರುಗಲಿಲ್ಲ, ಮುಖ ಮುಚ್ಚಿಕೊಳ್ಳಲಿಲ್ಲ. ಒಲೆಯ ಮುಂದಿನಿಂದ ಎದ್ದು ಅವನ ಎದುರು ನಿಂತು ಮುಖವನ್ನು ಮುಂದೆ ಒಡ್ಡಿದಳು.

"ಹೊಡೀರಿ. ನಾಳಿಕೆ ಇದೇ ಮೊಕ ಇಟ್ಕಂಡು ನಿಂತ್ಕತೀನಿ."

ಕೋಲು ಮೇಲೆಯೇ ನಿಂತಿತು. ಅಪ್ಪ ಅವ್ವನಿಗೆ ಹೆದರಿದವನಲ್ಲ, ದೇವರಿಗೆ ಹೆದರಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಅವನು ಹೆದರಿದ್ದು ಆ ಬಟ್ಟೆಗೆ. ಮೂಲೆಯಲ್ಲಿ ಅಜ್ಜಿ ಅವರೆಕಾಳು ಹಿತುಕುವುದನ್ನು ನಿಲ್ಲಿಸಿದ್ದಳು. ಅವ್ವ ಅವನ ಕೈಯಿಂದ ಕೋಲನ್ನು ಬಿಡಿಸಿಕೊಂಡು, ಮೊಣಕಾಲಿಗೆ ಒತ್ತಿ ಮುರಿದು, ಎರಡೂ ತುಂಡನ್ನು ಒಲೆಗೆ ತುರುಕಿದಳು. ಆ ವರ್ಷದ ಹಬ್ಬದ ಸಾರು ಕುದಿದದ್ದು ಅದರ ಉರಿಯಲ್ಲಿ.